ಪಾಲಕರ ಕುರ್ಚಿ

ಗಜೇಂದ್ರಗಡ, ೧೦-೧೨-೨೦೦೪, ಶುಕ್ರವಾರ ರಾತ್ರಿ

ತನ್ವೀರಾ, ನಜ್ಮಾ, ಗೋವಾದಲ್ಲಿ ಇಬ್ಬರೂ ಆರಾಮ ಇದ್ದೀರಾ? ದಿನಚರಿ ಬರೆಯಲು ಕುಳಿತರೂ ಕೈ ನಿಮಗೇ ಪತ್ರ ಬರೆಯುತ್ತದೆ.

ನಿಮ್ಮ ಮಗಳು, ನನ್ನ ಮೊಮ್ಮಗಳು ಮೆಹನಾಜ ಪರೀಕ್ಷೆಯಲ್ಲಿ ಇಡೀ ಹೈಸ್ಕೂಲಿಗೇ ಮೊದಲು ಬಂದಿದ್ದಾಳೆ. ನಾಳೆ ಪಾಲಕರ ಸಭೆ. ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ, ಬಂದು ನಿಂತಳು.

"ಮುತ್ಯಾ, ನಾಳೆ ನೀ ಬರಬ್ಯಾಡ."

"ಯಾಕವಾ?"

"ಹೋದ ಸಲ ಎದ್ದು ನಿಂತು ಅರ್ಧಾ ತಾಸು ನನ್ನ ಹೊಗಳಿದಿ. ಭಾಷಣದ ಮುತ್ಯಾ ಎಲ್ಲಿ ಅಂತ ಹುಡಿಗ್ಯಾರು ಇನ್ನೂ ಕಾಡ್ತಾರ."

ಹೊಗಳಿದ್ದು ಖರೇ. ಆದರೆ ಅವಳ ಹೆಸರು ಕೂಗಿದಾಗ ಪಾಲಕರ ಕುರ್ಚಿ ಖಾಲಿ ಇರಬೇಕೇ? "ಬಾಯಿ ಮುಚಗೊಂಡು ಕುಂದರತೀನಿ" ಅಂದೆ. ನಂಬದೆ ಹೋಗಿ ಮಲಗಿದಳು. ನನಗೂ ನಂಬಿಕೆಯಿಲ್ಲ.

ಹೋಗಲೋ, ಬೇಡವೋ? ನಿಮ್ಮ ಉತ್ತರ ಮುಟ್ಟುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಆದರೂ ಲಗೂ ಬರೆಯಿರಿ, ಶಾಬಾಸ್ ಅಂತ ಅವಳ ಹೆಸರಿಗೇ ಬರೆಯಿರಿ.