ಬೇಕರಿಯವನು ತಿನ್ನದ ರೊಟ್ಟಿ

ಔಡೆದೈಕ್, ಟೋಲೆನ್ ದ್ವೀಪ
21 ಅಕ್ಟೋಬರ್ 1986

ಪ್ರೀತಿಯ ಮಿನಾ,

ನಾವು ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ, ಆದರೂ ಇಬ್ಬರೂ ಓಡಾಡಿಕೊಂಡಿದ್ದೇವೆ. ನಿನ್ನ ಪತ್ರ ಬಂದು ಮೂರು ವಾರವಾಯಿತು, ಉತ್ತರ ಬರೆಯಲಿಲ್ಲವೆಂದು ಬೇಸರಪಡಬೇಡ. ಬರೆಯಲು ಕುಳಿತಾಗಲೆಲ್ಲ ಅದು ನಿನಗೆ ಬರೆದ ಪತ್ರವಾಗದೆ ನಿಮ್ಮಪ್ಪನಿಗೆ ಬೈದ ಬೈಗುಳವಾಗುತ್ತಿತ್ತು, ಎತ್ತಿ ಒಲೆಗೆ ಹಾಕಿದೆ. ಇದೂ ಹಾಗೇ ಆದರೆ ಆಗಲಿ, ಅಂಚೆಗೆ ಹಾಕಿಯೇ ಬಿಡುತ್ತೇನೆ.

ಮೊದಲು ಮುಖ್ಯ ಸುದ್ದಿ. ಆಪರೇಶನ್ ಗೊತ್ತಾಯಿತು, ನವೆಂಬರ್ ಹನ್ನೊಂದಕ್ಕೆ ರಾಟರ್‌ಡ್ಯಾಮಿನಲ್ಲಿ. ಎದೆ ಸೀಳಿ ಹೃದಯದ ಕವಾಟ ಬದಲಿಸುತ್ತಾರಂತೆ. ಡಾಕ್ಟರು ಚಿಕ್ಕ ಹುಡುಗ, ಆದರೆ ಮಾತು ನೇರ: "ಈ ವಯಸ್ಸಿನವರು ಎಲ್ರೂ ಏಳಲ್ಲಮ್ಮ, ಹೇಳ್ಬೇಕಾದ್ದು ನನ್ನ ಧರ್ಮ" ಅಂದ. ನಿಮ್ಮಪ್ಪ ತಲೆಯಾಡಿಸಿ, ಆಸ್ಪತ್ರೆಯ ರೊಟ್ಟಿ ಯಾವ ಬೇಕರಿಯದು ಎಂದು ವಿಚಾರಿಸಿದರು. ಉಪ್ಪು ಬಿಡಿ ಎಂದಿದ್ದಾರೆ, ಬಿಟ್ಟಿಲ್ಲ. ಹಿಟ್ಟಿನ ಮೂಟೆ ಎತ್ತಬೇಡಿ ಎಂದಿದ್ದಾರೆ. ನಾನು ಅಂಗಡಿಯ ಗಲ್ಲಾದ ಕಡೆ ತಿರುಗುವುದನ್ನೇ ಕಾದು ಎತ್ತುತ್ತಾರೆ.

ಇದೆಲ್ಲ ಸಹಿಸಬಹುದು ಮಿನಾ. ಸಹಿಸಲಾಗದ್ದು ಬೇರೆ. ಹನ್ನೆರಡನೇ ತಾರೀಖು ನಮ್ಮ ಸಭೆಯಲ್ಲಿ ಕರ್ತನ ಭೋಜನವಿತ್ತು, ರೊಟ್ಟಿ, ದ್ರಾಕ್ಷಾರಸದ ಮೇಜು ಹಾಕಿದ್ದರು. ಮುಂದಿನದು ಕ್ರಿಸ್‌ಮಸ್ ಕಳೆದ ಮೇಲೆ. ಅಂದರೆ ಆಪರೇಶನ್ನಿಗೆ ಮುಂಚೆ ನಿಮ್ಮಪ್ಪ ಆ ಮೇಜಿಗೆ ಹೋಗಿ ಕೂರಲು ಇದ್ದದ್ದು ಇದೊಂದೇ ಭಾನುವಾರ. ಸಾಯುವ ಮುಂಚೆ, ಹೌದು ಬರೆದುಬಿಡುತ್ತೇನೆ, ಸಾಯುವ ಮುಂಚೆ ಒಂದೇ ಒಂದು ಸಲ ಆ ಮನುಷ್ಯ ತನಗೂ ಕ್ಷಮೆಯಿದೆ ಎಂದು ನಂಬಿ ಒಂದು ತುಂಡು ತಿನ್ನಲಿ ಎಂಬುದಷ್ಟೇ ನನ್ನ ಆಸೆ.

ನಮ್ಮೂರಿನ ಹಣೆಬರಹ ನಿನಗೆ ಗೊತ್ತಿದೆ. ಆರು ನೂರು ಜನ ಬೆಂಚುಗಳಲ್ಲಿ, ಮೇಜಿನ ಮೇಲೆ ಬಿಳಿ ಬಟ್ಟೆ, ಬೆಳ್ಳಿಯ ಬಟ್ಟಲು, ಎದ್ದು ಹೋಗುವವರು ಮಾತ್ರ ಐದೋ ಆರೋ ಮುದಿಜೀವಗಳು. ದೇವರು ತನ್ನನ್ನು ಆರಿಸಿಕೊಂಡಿದ್ದಾನೆ ಎಂಬ ಖಾತ್ರಿ ಒಳಗಿನಿಂದ ಬಂದವರು ಮಾತ್ರ ಹೋಗಬೇಕು. ಖಾತ್ರಿಯಿಲ್ಲದೆ ತಿಂದರೆ ಏನು ಗತಿ ಎಂಬುದನ್ನು ಪಾದ್ರಿಗಳು ಪ್ರತಿ ಸಲವೂ ಓದಿ ಹೆದರಿಸುತ್ತಾರೆ. ಕೃಪೆ ಪುಕ್ಕಟೆ ಎಂದು ಸಾರುವುದು, ಅದನ್ನು ಮುಟ್ಟಿದರೆ ಜೋಕೆ ಎಂದು ಅದೇ ಉಸಿರಿನಲ್ಲಿ ಹೇಳುವುದು! ನನಗೆ ರಕ್ಷಣೆ ಸಿಕ್ಕಿತು ಎಂದವನನ್ನು ಈ ಊರು ಜಂಬದವನು ಎನ್ನುತ್ತದೆ. ಸಿಕ್ಕಿಲ್ಲ, ಸಿಗುವುದೂ ಇಲ್ಲ ಎಂದು ಗೋಳಾಡುವವನನ್ನು ಭಕ್ತ ಎಂದು ಹಿರಿಯನನ್ನಾಗಿ ಮಾಡುತ್ತದೆ. ಯಾರು ಹೆಚ್ಚು ಪಾಪಿ ಎಂದು ಪೈಪೋಟಿ.

ಅದರಲ್ಲಿ ನಿಮ್ಮಪ್ಪನದು ಇನ್ನೊಂದು ವೈಖರಿ. ಆ ರೊಟ್ಟಿ ಸುಡುವವರೇ ಅವರು! ಶನಿವಾರ ಅಂಗಿ ಬದಲಿಸಿಕೊಂಡು, ಯಾರನ್ನೂ ಒಳಗೆ ಬಿಡದೆ ಹಿಟ್ಟು ನಾದುತ್ತಾರೆ. ಆರಿದ ಮೇಲೆ ಸುತ್ತಲಿನ ಗಟ್ಟಿ ಅಂಚು ಕೊಯ್ದು, ಉದ್ದುದ್ದ ಪಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಕೊಯ್ದ ಅಂಚನ್ನೂ ಬಾಯಿಗೆ ಹಾಕುವುದಿಲ್ಲ, ಕೋಳಿಗಳಿಗೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಧೈರ್ಯವಿರುವುದು ಕೋಳಿಗಳಿಗೆ ಮಾತ್ರ.

ಆ ಶನಿವಾರ ನಾನು ತಡೆಯಲಾರದೆ ಕೇಳಿದೆ: "ಅಲ್ಲಾ ರೀ, ನೀವೇ ಸುಟ್ಟ ರೊಟ್ಟಿ, ಊರಿಗೆಲ್ಲ ಆಗುತ್ತೆ, ನಿಮಗೆ ಮಾತ್ರ ಆಗಲ್ವಾ?"

"ಊರಿಗೂ ಆಗಲ್ಲ ಕಣೇ, ಐದಾರು ಜನಕ್ಕೆ ಆಗುತ್ತೆ" ಅಂದರು.

"ತಮಾಷೆ ಬೇಡ. ನಾಳೆ ಒಂದಿನ ಎದ್ದು ಹೋಗಿ. ನಾನೂ ಬರ್ತೀನಿ."

"ಚಾಕು ಕೊಡು ಇಲ್ಲಿ" ಅಂದರು.

ಭಾನುವಾರ ಪಕ್ಕದಲ್ಲೇ ಕುಳಿತಿದ್ದರು. ಪಾದ್ರಿಗಳು ಕರೆದರು. ಮೊಣಕೈಯಿಂದ ತಿವಿದೆ, ಅವರು ಅಲುಗಲಿಲ್ಲ. ಮುದುಕರು ಒಬ್ಬೊಬ್ಬರಾಗಿ ಎದ್ದು ಹೋದರು. ಮತ್ತೆ ತಿವಿದೆ. ಆ ಮನುಷ್ಯ ಜೇಬಿನಿಂದ, ಪ್ರಸಂಗದ ಹೊತ್ತಿನಲ್ಲಿ ಊರೆಲ್ಲ ಚೀಪುವ ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಗಿಟ್ಟರು, ಹಟ ಮಾಡುವ ಮಗುವಿಗೆ ಕೊಟ್ಟ ಹಾಗೆ! ನನಗೆ ಎಲ್ಲಿತ್ತೋ ಸಿಟ್ಟು, ಎದ್ದುಬಿಟ್ಟೆ. ಇಡೀ ಸಭೆಯ ಬಾಯಲ್ಲಿ ಪೆಪ್ಪರ್‌ಮಿಂಟ್ ಚೀಪುವುದು ನಿಂತಿತು. ಮೇಜಿನ ತನಕ ನನ್ನ ಬೂಟಿನ ಸದ್ದು ನನಗೇ ಕೇಳುತ್ತಿತ್ತು. ಕುಳಿತೆ, ತಿಂದೆ, ಕುಡಿದೆ. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೇಳಿದರೆ ನಗುತ್ತೀಯ, ಹಸಿದವಳಿಗೆ ಅಮ್ಮ ಬಡಿಸಿದ ಹಾಗಿತ್ತು. ಅಳು ಬಂತು.

ಸೋಮವಾರ ಸಂಜೆಯೇ ಸಭಾಹಿರಿಯ ಫೆರ್ಹಾಗೆಯವರು ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹಾಜರಾದರು. ಕಪ್ಪು ಕೋಟು, ಮಡಿಲಲ್ಲಿ ಟೋಪಿ. ಕಾಫಿಗೆ ನಮ್ಮ ಬೋಲುಸ್ ಬನ್ನು ಕೊಟ್ಟೆ, ಸಕ್ಕರೆಯ ಕಡೆ ಮೇಲೆ ಮಾಡಿ ತಿಂದರು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಕ್ರೈನಾ, ಕರ್ತನು ನಿನ್ನ ಆತ್ಮದಲ್ಲಿ ಯಾವ ಕಾರ್ಯ ಮಾಡಿದನಮ್ಮ?"

"ಸಿಟ್ಟು ಬರಿಸಿದ" ಅಂದೆ.

"ಸಿಟ್ಟು ಮಾಡ್ಕೊಂಡು ಯಾರಾದ್ರೂ ಆ ಮೇಜಿಗೆ ಬರ್ತಾರಾ? ಹಸಿವಿಂದ ಬರ್ಬೇಕು."

"ಹಸಿವೂ ಇತ್ತು. ಮದುವೆಯಾದಾಗಿನಿಂದ ಬೆಂಚಲ್ಲಿ ಕೂತು ಬೇರೆಯವರು ತಿನ್ನೋದು ನೋಡಿದೀನಿ. ಅದಿರ್ಲಿ, ಹಿರಿಯರೇ, ತಾವು ಯಾವಾಗ ಬರ್ತೀರಿ?"

ಜೊತೆಗೆ ಬಂದಾತ ಕಾಫಿ ನೆತ್ತಿಗೇರಿಸಿಕೊಂಡ. ಪಾದ್ರಿಗಳಿಗೆ ಬಟ್ಟಲು ಎತ್ತಿಕೊಡುವ ಫೆರ್ಹಾಗೆಯವರು ತಾವೂ ಒಂದು ದಿನ ಅದಕ್ಕೆ ತುಟಿ ಹಚ್ಚಿದವರಲ್ಲ. "ಕರ್ತ ನನಗಿನ್ನೂ ಬೆಳಕು ಕೊಟ್ಟಿಲ್ಲಮ್ಮ" ಎಂದರು. ಅವರ ದನಿ ಇಳಿದುಹೋಗಿತ್ತು, ಒಂದು ಕ್ಷಣ ಪಾಪ ಅನ್ನಿಸಿತು. ಆಮೇಲೆ ನಿಮ್ಮಪ್ಪನ ಕಡೆ ತಿರುಗಿ, "ನಿಮ್ಮ ಸ್ಥಿತಿ ಹೇಗಿದೆ ಮರೀನಸ್? ದೊಡ್ಡ ಆಪರೇಶನ್ ಬೇರೆ" ಎಂದರು.

"ನಾನು ಸುಡೋನು ಅಷ್ಟೇ" ಎಂದು ಎದ್ದು ಒಲೆ ನೋಡಲು ಹೋದರು. ಒಲೆ ಆರಿ ಎರಡು ಗಂಟೆಯಾಗಿತ್ತು.

ಈಗ ಹೇಳು, ಇಂಥವರ ಜೊತೆ ಏಗುವುದು ಹೇಗೆ? ಸಾಲ ಹೇಳಿ ಹೋದವರು ನಾಚಿಕೊಳ್ಳಬಾರದೆಂದು ಎದುರಿಗೆ ಬಂದರೆ ತಾವೇ ಬೀದಿಯ ಆಚೆ ಬದಿಗೆ ದಾಟುವ ಮನುಷ್ಯ. ತಾನು ಇಷ್ಟು ಕ್ಷಮಿಸಬಲ್ಲೆ, ದೇವರ ಕೈಲಿ ಮಾತ್ರ ಅಷ್ಟಾಗುವುದಿಲ್ಲ ಎಂದು ನಂಬಿ ಕೂತಿದ್ದಾರೆ. ಅದು ವಿನಯವಲ್ಲ ಮಿನಾ, ಹೆದರಿಕೆ. ಹೆದರಿಕೊಂಡೇ ಆಪರೇಶನ್ ಮೇಜಿನ ಮೇಲೆ ಮಲಗುತ್ತಾರೆ, ನಾನು ಹೊರಗೆ ಬೆಂಚಿನಲ್ಲಿ ಕೂತು ನೋಡಬೇಕು.

ನಿನ್ನ ಶಾಲೆಯ ಮಕ್ಕಳಿಗೆ ರಜೆ ಯಾವಾಗ? ನೀನು ಚರ್ಚು ಬಿಟ್ಟಿದ್ದಕ್ಕೆ ನಾನು ಆಡಿದ ಮಾತುಗಳನ್ನೆಲ್ಲ ಮರೆತುಬಿಡು. ನೀನು ಹೋದರೂ ಬಿಟ್ಟರೂ ದೇವರು ನಿನ್ನನ್ನು ಕಾಯುತ್ತಾನೆ. ಅವನ ಕೈ ನಿನ್ನ ತಲೆಯ ಮೇಲಿರಲಿ, ಗ್ರೋನಿಂಗನ್‌ನ ಚಳಿಗೆ ಬೆಚ್ಚಗೆ ಹೊದ್ದುಕೋ.

ನಿನ್ನ ಅಮ್ಮ,
ಕ್ರೈನಾ

ಮರೆತ ಮಾತು: ಪತ್ರ ಮಡಚಿ ನಿಮ್ಮಪ್ಪನ ಹತ್ತಿರ ಹೋದೆ. "ಮಿನಾಗೆ ಏನಾದ್ರೂ ಬರೀಬೇಕಾ? ಅಪ್ಪ ಹೆದರಿದಾರೆ ಅಂತ ಬರ್ದಿದೀನಿ" ಅಂದೆ.

"ಹಾಗೆ ಬರೀಬೇಡ, ಸುಳ್ಳು" ಅಂದರು. ಕೈಯ ಹಿಟ್ಟು ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು. "ನನಗೆ ಖಾತ್ರಿ ಸಿಕ್ಕಿದೆ ಕಣೇ. ಲೇಂಡರ್ಟ್ ತೀರಿಕೊಂಡ ವರ್ಷದ ಚಳಿಗಾಲದಲ್ಲೇ ಸಿಕ್ತು. ಇಲ್ಲೇ, ಒಲೆ ಮುಂದೆ. ನಿನ್ನದೆಲ್ಲ ಕ್ಷಮಿಸಿದೀನಿ ಅಂತ, ಯಾರೋ ಹೆಗಲ ಮೇಲೆ ಕೈಯಿಟ್ಟು ಹೇಳಿದ ಹಾಗೆ. ನಾನೇ ಬೇಡ ಅಂದೆ."

ನಿನ್ನ ಅಣ್ಣನ ಹೆಸರು ಅವರ ಬಾಯಿಂದ ಕೇಳಿ ಹದಿನಾರು ವರ್ಷವಾಗಿತ್ತು ಮಿನಾ. ಭಾನುವಾರ ದೋಣಿ ತೆಗೆದುಕೊಂಡು ಹೋಗಿ ಮುಳುಗಿದ ಹುಡುಗ. ದೇವರ ದಿನ ಮುರಿದವನು, ಪಶ್ಚಾತ್ತಾಪಕ್ಕೂ ಸಮಯ ಸಿಗಲಿಲ್ಲ, ಇವನ ವಿಷಯದಲ್ಲಿ ನಮಗೆ ಯಾವ ನಿರೀಕ್ಷೆಯೂ ಇಲ್ಲ ಎಂದು ಆಗಿನ ಪಾದ್ರಿ ಹೆಣದ ಮುಂದೆಯೇ ನಿಂತು ಹೇಳಿದ್ದು ನಿನಗೆ ನೆನಪಿರಬೇಕು. ನೀನು ಹನ್ನೆರಡರವಳು, ನನ್ನ ಕೋಟು ಹಿಡಿದು ನಿಂತಿದ್ದೆ.

"ಅವನು ಹೊರಗೆ, ನಾನು ಒಳಗೆ ಹೋಗಿ ಊಟಕ್ಕೆ ಕೂರ್ಲಾ?" ಅಂದರು. "ಆಗಲ್ಲ."

ಪಾದ್ರಿ ಹೇಳಿದ್ದು ದೇವರು ಹೇಳಿದ್ದಲ್ಲ ರೀ ಎಂದು ಕೂಗಬೇಕೆನ್ನಿಸಿತು. ಆದರೆ ನಾನು ಹೋಗಿ ತಿಂದು ಬಂದವಳು. ಅವರೇ ಎದ್ದು ನನ್ನ ಕೈ ಹಿಡಿದುಕೊಂಡರು.

"ನೀನು ಹೋಗಿದ್ದು ಒಳ್ಳೇದೇ ಆಯ್ತು ಕ್ರೈನಾ. ಮುಂದೆ ಮಿನಾ ಸ್ವರ್ಗಕ್ಕೆ ಬಂದ್ರೆ ಅಲ್ಲಿ ನೀನಿರ್ತೀಯ. ಹೊರಗೆ ಹುಡುಗನ ಹತ್ತಿರ ನಾನಿರ್ತೀನಿ."

ಹನ್ನೊಂದಕ್ಕೆ ಮುಂಚೆ ಬಾ ಮಗಳೇ.