ಐವತ್ತನೇ ದಿನ ಸೊನ್ನೆಯಾದ ಎಣಿಕೆ

ಮಾವ,

ಕೋಡಿಹಳ್ಳಿಯಲ್ಲಿ ಮರಿ ಹುಳು ಸಾಕಿ ರೈತರಿಗೆ ಕೊಡುತ್ತಿದ್ದ ನಿನ್ನ ಚಾಕಿ ಮನೆಗೆ ನಾನು ಆ ಯಂತ್ರ ತಂದ ದಿನ ನೆನಪಿದೆಯಾ? ಮರಿ ರೇಷ್ಮೆಹುಳುಗಳಿಗೆ ಬಿಸಿ, ತೇವ ಎರಡನ್ನೂ ತಾನೇ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್. ಅದರ ಪ್ರೋಗ್ರಾಂ ಎಲ್ಲಾ ಅಕ್ಕನ ಮಗಳೇ ಬರೆದದ್ದು ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬಂದೆ. "ಗಡಿಯಾರನೇ ಕಾಣಾಕಿಲ್ವಲ್ಲವ್ವ, ಇದಕ್ಕೆ ಹೊತ್ತು ಹೆಂಗೆ ಗೊತ್ತಾಯ್ತದೆ?" ಎಂದು ಕೇಳಿದೆ. ಕಾಲೇಜಿನ ಮೇಡಂ ಗತ್ತಿನಲ್ಲಿ ನಾನು ವಿವರಿಸಿದೆ. ಒಳಗೊಂದು ಟೈಮರ್ ಸೆಕೆಂಡಿಗೆ ಸಾವಿರ ಸಲ ಬಾಗಿಲು ಬಡಿಯುತ್ತದೆ. ಕರ್ನಲ್ ಎನ್ನುವ ಯಜಮಾನ ಪ್ರತಿ ಸಲವೂ ಕೈಲಿದ್ದ ಕೆಲಸ ಬಿಟ್ಟು ಎಣಿಕೆಗೆ ಒಂದು ಸೇರಿಸುತ್ತಾನೆ, ಯಾರನ್ನಾದರೂ ಎಬ್ಬಿಸುವ ಹೊತ್ತಾಯಿತೇ ಎಂದು ನೋಡುತ್ತಾನೆ. ಹೀಟರ್ ನೋಡಿಕೊಳ್ಳುವ ಪ್ರೋಗ್ರಾಂ 'ಇಂಥ ಎಣಿಕೆಗೆ ನನ್ನನ್ನು ಎಬ್ಬಿಸು' ಎಂದು ಹೇಳಿ ಮಲಗುತ್ತದೆ. ಎದ್ದಾಗಲೆಲ್ಲ ಬಿಸಿ ನೋಡಿ ಹೀಟರ್ ಹಚ್ಚುತ್ತದೆ ಇಲ್ಲವೇ ಆರಿಸುತ್ತದೆ, ಬಿಸಿ ಎಷ್ಟಿದೆ ಎಂದು ಒಂದು ಸಾಲು ಬರೆದಿಡುತ್ತದೆ. "ಯಾವ ಕಾರಣಕ್ಕೂ ಆಫ್ ಮಾಡಬೇಡ ಮಾವ" ಎಂದೂ ಹೇಳಿದೆ.

ಮನೆ ತೊಳೆದು ಔಷಧಿ ಹೊಡೆಯುವ ದಿನಗಳಲ್ಲೂ ನೀನು ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಹಾಗೇ ಓಡಿಸುತ್ತಿದ್ದೆಯಂತೆ. ಕರೆಂಟ್ ಹೋದರೆ ಎಂದು ಇನ್ವರ್ಟರ್ ಬೇರೆ. ಮಾಗಡಿಯ ಮದುವೆಗೆ ಹೊರಟ ಬೆಳಗ್ಗೆ ಸೊಪ್ಪು ಹಾಕಿ, ಫೋನ್ ಮಾಡಿ "ಹೋಗ್ಲೇನವ್ವ?" ಎಂದೆ. ಯಂತ್ರ ಇದೆಯಲ್ಲ, ಹೋಗು ಎಂದವಳು ನಾನೇ. ಸಂಜೆ ನೀನು ಬಸ್ಸಿಳಿದು ಬಂದಾಗ ಚಾಕಿ ಮನೆ ಕಾದ ಒಲೆಯಾಗಿತ್ತು, ಹೀಟರ್ ಉರಿಯುತ್ತಲೇ ಇತ್ತು. ಗಾಬರಿಯಲ್ಲಿ ಎಲ್ಲ ಪ್ಲಗ್ ಕಿತ್ತೆ. ಒಂದು ಟ್ರೇ ಹುಳುವೂ ಉಳಿದಿರಲಿಲ್ಲ.

ಮರುದಿನ ಹುಳು ಒಯ್ಯಲು ಬಂದ ರೈತರ ಎದುರೇ ನಾನು ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಬೆಳಗ್ಗೆ ಹತ್ತರ ಮೇಲೆ ಯಂತ್ರ ಒಂದು ಸಾಲೂ ಬರೆದಿರಲಿಲ್ಲ. ಇನ್ನೇನು ಸಾಕ್ಷಿ ಬೇಕು?

"ನೀನೇ ಇದನ್ನು ಆಫ್ ಮಾಡಿ, ಹೀಟರನ್ನ ನೇರ ಸ್ವಿಚ್ಚಿಗೆ ಹಾಕಿ ಮರೆತಿದ್ದೀಯ ಮಾವ."

"ನಾ ಮುಟ್ಟೇ ಇಲ್ಲ ಕಣವ್ವ."

"ಯಂತ್ರ ಸುಳ್ಳು ಹೇಳಲ್ಲ."

"ವಯಸ್ಸಾಯ್ತು ಬುಡಣ್ಣ, ಮರ್ತೋಗಿರ್ತದೆ" ಎಂದು ಒಬ್ಬ ನಕ್ಕ. ನೀನು ಟ್ರೇ ತೊಳೆಯಲು ಎದ್ದುಹೋದೆ. ಕೆನ್ನೆಗೆರಡು ಬಾರಿಸಬಾರದಿತ್ತೇ ನನಗೆ? ಆಮೇಲೆ ಯಾರೂ ನಿನ್ನಲ್ಲಿ ಹುಳು ಬೇಕೆಂದು ಕೇಳಲಿಲ್ಲ. ಚಾಕಿ ಮನೆಗೆ ಬೀಗ ಬಿತ್ತು. ವರ್ಷ ತುಂಬುವುದರೊಳಗೆ ನೀನೂ... ಅಲ್ಲಿಯವರೆಗೂ ಊರಿನ ಬಾಯಲ್ಲಿ ನೀನು ಮರೆವಿನ ಮುದುಕ. ಆ ಹೆಸರು ಕೊಟ್ಟವಳು ನಾನು.

ಹೋದ ವಾರ ರಾಮನಗರದ ನಮ್ಮ ಲ್ಯಾಬಿನಲ್ಲಿ, ಅದೇ ಪ್ರೋಗ್ರಾಂ ಇದ್ದ ಇನ್ನೊಂದು ಬೋರ್ಡ್ ಸುಮ್ಮನಾಗಿತ್ತು. ರಜೆಯಿಡೀ ಅದನ್ನು ಯಾರೂ ಆಫ್ ಮಾಡಿರಲಿಲ್ಲ. ದೀಪ ಉರಿಯುತ್ತಿದೆ, ಒಂದು ಸಾಲೂ ಬರೆಯುತ್ತಿಲ್ಲ. ಪ್ರೋಗ್ರಾಂ ತೆರೆದು ಒಂದೊಂದೇ ಸಾಲು ಓದಿದೆ. ಕರ್ನಲ್ಲಿನ ಎಣಿಕೆಗೆ ನಾನು ಕೊಟ್ಟಿದ್ದ ಜಾಗ ಮೂವತ್ತೆರಡು ಬಿಟ್. ಐವತ್ತನೇ ದಿನ ಅದು ತುಂಬಿ ಸೊನ್ನೆಗೆ ಬೀಳುತ್ತದೆ. ಎಬ್ಬಿಸಬೇಕಾದ ಹೊತ್ತನ್ನು ಮಾತ್ರ ಅದಕ್ಕಿಂತ ದೊಡ್ಡ ಜಾಗದಲ್ಲಿ ಬರೆದಿದ್ದೆ. ಸೊನ್ನೆಯಿಂದ ಹೊರಟ ಎಣಿಕೆ ಆ ಸಂಖ್ಯೆಯನ್ನು ಎಂದೂ ಮುಟ್ಟುವುದಿಲ್ಲ, ಮಲಗಿದ್ದು ಏಳುವುದಿಲ್ಲ, ಆ ಹೊತ್ತಿಗೆ ಉರಿಯುತ್ತಿದ್ದ ಹೀಟರ್ ಆರುವುದಿಲ್ಲ. ಇಂಥ ತಪ್ಪು ಮಾಡಬೇಡಿ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುವವಳು ನಾನು, ಥೂ!

ಲೆಕ್ಕ ಹಾಕಿ ನೋಡಿದೆ. ಆ ಮದುವೆಯ ದಿನ ನಿನ್ನ ಯಂತ್ರಕ್ಕೆ ಐವತ್ತನೇ ದಿನ. ನಡುವೆ ಒಂದೇ ಒಂದು ಸಲ ಆಫ್ ಆಗಿದ್ದರೂ ಎಣಿಕೆ ಮೊದಲಿಂದ ಶುರುವಾಗುತ್ತಿತ್ತು, ಹುಳು ಉಳಿಯುತ್ತಿದ್ದವು. ನನ್ನ ಮಾತು ಒಂಚೂರೂ ಮೀರದೆ ನಡೆದೆಯಲ್ಲ ಮಾವ, ಅದಕ್ಕೇ ಸತ್ತವು.

ನಾಳೆ ಆ ರೈತರ ಮನೆಮನೆಗೂ ಹೋಗಿ ಇದನ್ನು ಹೇಳುತ್ತೇನೆ. ನಿನ್ನೆ ಮೊದಲು ಅತ್ತೆಗೆ ಹೇಳಿದೆ. ಅವರು ರಾಗಿ ಕೇರುತ್ತಿದ್ದರು, ಮೊರ ನಿಲ್ಲಿಸಲಿಲ್ಲ.

"ನಾ ಮುಟ್ಟಿಲ್ಲ ಅಂತ್ಲೇ ಅಲ್ವೇನವ್ವ ಅವ್ರು ಸಾಯೋಗಂಟ ಹೇಳ್ತಿದ್ದುದು? ಮಿಷಿನ್ ಹೇಳಿದ್ ಮ್ಯಾಗೆ ನಂಬ್ಕೆ ಬಂತಾ ನಿಂಗೆ?"