ಹಿಂದಿನ ಸ್ಪೀಕರಿನಲ್ಲಿ ಮಾತಿರಲಿಲ್ಲ

ನಮ್ಮ ಸುಮಾನ ಅವ್ವಾ,

ಅಡಿಗೆಮನೆಯ ಗೂಡಿನಲ್ಲಿರುವ ಸ್ಪೀಕರನ್ನು ನಿನ್ನೆ ಇಳಿಸಲು ಹೋದೆ. ಸುಣ್ಣ ಬಳಿಯುವವರು ಬರುತ್ತಾರೆ. ಹೋಮ್ ಥಿಯೇಟರಿನ ಐದೂ ಸ್ಪೀಕರು ಬಿಚ್ಚಿ, ಈ ಸಲ ಅದರ ರಿಸೀವರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಂತೆ ಪಡಸಾಲೆಯಲ್ಲೇ ಸುತ್ತ ಕೂರಿಸೋಣ ಎಂದಿದ್ದೆ. ಪಡಸಾಲೆಯಲ್ಲಿ ಸಿನಿಮಾ ಓಡುತ್ತಿತ್ತು. ನಾನು ಸ್ಟೂಲಿನ ಮೇಲೆ, ಕಿವಿ ಸ್ಪೀಕರಿಗೆ ತಾಗುವಷ್ಟು ಹತ್ತಿರ. ಮಳೆ ಕೇಳಿಸಿತು. ಯಾರೋ ನಡೆದು ಹೋದರು. ಬಾಗಿಲು ಬಡಿಯಿತು. ಮತ್ತೆ ಮಳೆ. ಮಾತು ಬರಲೇ ಇಲ್ಲ.

ಚಿಕ್ಕೋಡಿಯಿಂದ ಆ ಸೆಟ್ಟನ್ನು ತಂದ ದಿನ ನೆನಪಿದೆಯೆ? ನೀನು ರೊಟ್ಟಿ ಬಡಿಯುತ್ತ ಒಳಗೇ ಇರುತ್ತೀ ಎಂದು, ನೋಡುವವರ ಹಿಂದೆ ಇಡಬೇಕಾದ ಎರಡು ಸ್ಪೀಕರಿನಲ್ಲಿ ಒಂದಕ್ಕೆ ಉದ್ದ ವಾಯರು ಎಳೆದು ಅಡಿಗೆಮನೆಗೆ ಕೊಟ್ಟೆ. ಏಕಸಂಬಿಯ ಈ ಓಣಿಯಲ್ಲಿ ಎಲ್ಲರೂ ಹಾಗೇ ಮಾಡಿದ್ದರು; ಒಬ್ಬರಂತೂ ದನದ ಕೊಟ್ಟಿಗೆಗೆ ಎಳೆದಿದ್ದರು. "ಕೇಳಸ್ತೈತೇನ?" ಎಂದು ಪಡಸಾಲೆಯಿಂದಲೇ ಕೂಗಿದೆ. "ಕೇಳಸಾಕತ್ತೈತ್ರಿ" ಎಂದು ನೀನು. ನಾನು ಎದ್ದು ಬಂದು ನೋಡಲಿಲ್ಲ. ಮಾತೆಲ್ಲ ಟಿವಿಯ ಕೆಳಗಿನ ನಡುವಿನ ಸ್ಪೀಕರಿನಲ್ಲಿ, ಹಿಂದಿನವಕ್ಕೆ ಸುತ್ತಲಿನ ಸದ್ದು ಮಾತ್ರ ಎಂದು ಆ ಪುಸ್ತಕದಲ್ಲೇ ಇತ್ತು. ಹನ್ನೊಂದು ವರ್ಷ. ಯಾಕೆ ಹೇಳಲಿಲ್ಲ ನೀನು?

ತಡೆಯಲಾರದೆ ಪಕ್ಕದ ಮನೆಯ ಗಂಗವ್ವ ಕಾಕಿಯನ್ನು ಕೇಳಿದೆ. ದಿನಾ ನಿನ್ನ ಜೊತೆ ಒಲೆಯ ಮುಂದೆ ಕೂರುತ್ತಿದ್ದವಳು ಅವಳೇ ತಾನೆ.

"ಆಕಿಗೆ ಮೊದಲನೇ ದಿನಾನ ಗೊತ್ತಾಗಿತ್ತೋ ಶ್ಯಾಣ್ಯಾ" ಎಂದು ಕಾಕಿ ನಕ್ಕಳು. "ಮಾತು ಆಕಿನ ಹಚ್ಚತಿದ್ಲು. ಮಳಿ ಬಂತಂದ್ರ, 'ಏ ಬಾಬಾ, ಒಳಗ ಬಾ, ತೋಯ್ತಿ' ಅಂತ ಹೀರೋಯಿನ್ ದನಿ ತಗೀತಿದ್ಲು. ನಕ್ಕ ನಕ್ಕ ನನ್ನ ಕೈಯಾಗಿನ ಹಿಟ್ಟ ಚೆಲ್ಲತಿತ್ತ."

"ಗಂಡಿನ ಮಾತು?"

"ಅಂವಗ ಮಾತ ಕೊಡತಿದ್ದಿಲ್ಲ. 'ಅಂವಾ ಏನೂ ಅನ್ನಾಂಗಿಲ್ಲ ಕಾಕಿ, ಅಂವನ ಹೆಜ್ಜಿ ಸಪ್ಪಳದಾಗ ನಾವ ತಿಳಕೋಬೇಕು' ಅಂತಿದ್ಲು."

ಆಮೇಲೆ ಕಾಕಿ ಏನೇನೋ ಹೇಳಿದಳು. ನನಗೆ ನಿನ್ನನ್ನು ತೋರಿಸಲು ಹೋಗಿದ್ದ ಮಿರಜಿನ ಆಸ್ಪತ್ರೆ ನೆನಪಾಗಿತ್ತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದಿದ್ದರು. ನೀನು ಹೊರಗೆ ಬೆಂಚಿನ ಮೇಲೆ. ಬಂದು, "ಏನಿಲ್ಲಂತ, ಪಿತ್ತ" ಎಂದೆ. "ಹಂಗಾರ ಚಲೋನ ಆತು" ಎಂದು ಚೀಲ ಎತ್ತಿಕೊಂಡೆ ನೀನು. ಆ ಉದ್ದ ಕಾರಿಡಾರಿನಲ್ಲಿ ನಾನು ಮುಂದೆ, ನೀನು ಹಿಂದೆ. ನಾನು ಹೇಗೆ ನಡೆದೆ ಅಂದು? ಹಾಗಾದರೆ ನೀನು ಆಗಲೇ...

ಕೇಳಲು ಯಾರೂ ಇಲ್ಲ. ನಿನಗೆ ತಿಳಿದಿತ್ತೋ ಇಲ್ಲವೋ, ಕಾಕಿಗೂ ಗೊತ್ತಿಲ್ಲ. ನೀನು ಎಲ್ಲ ತಿಳಿದುಕೊಂಡಿದ್ದರೂ ನನ್ನ ಬಾಯಿಂದ ಕೇಳಲಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ. ಅದು ಪಿತ್ತವಲ್ಲ. ಮೂರು ತಿಂಗಳು ಎಂದಿದ್ದರು. ನೀನು ನಾಲ್ಕು ತಿಂಗಳಿದ್ದೆ. ಆ ಕೊನೆಯ ತಿಂಗಳು ದಿನಾ ಮುಂಜಾನೆ ಹೇಳಿಬಿಡಬೇಕೆಂದು ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ನೀನು ತಿರುಗಿ "ಏನ ಬೇಕ್ರಿ?" ಅನ್ನುತ್ತಿದ್ದೆ. ನಾನು ಚಹಾ ಅನ್ನುತ್ತಿದ್ದೆ.

ನನಗೆ ಚಹಾ ಬೇಕಾಗಿರಲಿಲ್ಲ.